ಕರುಳಿನ ಆಪರೇಷನ್ ಮಾಡಿಸಬೇಕೇ? ತೀರ್ಮಾನಕ್ಕೆ ಬರುವ ದಾರಿ

"ಒಮ್ಮೆ ಸರ್ಜನ್ ಅವರನ್ನೂ ಕಂಡು ಮಾತಾಡಿ ಬನ್ನಿ" ಎಂದು ಗ್ಯಾಸ್ಟ್ರೋ ಡಾಕ್ಟರು ಹೇಳಿದರೆ ಹಲವರಿಗೆ ಅದು "ಇನ್ನು ಔಷಧಿಯಿಂದ ಆಗುವುದಿಲ್ಲ" ಎಂದೇ ಕೇಳಿಸುತ್ತದೆ. ಕೆಲವರು ಹೆದರಿ ಆ ಭೇಟಿಯನ್ನೇ ಮುಂದೂಡುತ್ತಾರೆ. ಇನ್ನು ಕೆಲವರು ರೋಸಿಹೋಗಿ "ಕತ್ತರಿಸಿ ತೆಗೆದುಬಿಡಿ, ಸಾಕು" ಅನ್ನುತ್ತಾರೆ. ಎರಡರಲ್ಲೂ ಯೋಚನೆಗೆ ಜಾಗವಿಲ್ಲ. ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್‌ನಂಥ ವರ್ಷಗಟ್ಟಲೆ ಕಾಡುವ ಕರುಳಿನ ಉರಿಯೂತದಲ್ಲಿ ಆಪರೇಷನ್ ಕೂಡ ಒಂದು ಚಿಕಿತ್ಸೆ. ಅದು ಯಾವಾಗಲೂ ಕಟ್ಟಕಡೆಗೇ ಬರಬೇಕೆಂದಿಲ್ಲ. ದೇಹದಲ್ಲಿ ಕಸುವಿರುವಾಗ, ದಿನ ಗೊತ್ತುಮಾಡಿಕೊಂಡು ಮಾಡಿಸುವ ಆಪರೇಷನ್‌ಗಿಂತ ತುರ್ತಾಗಿ ಮಾಡಬೇಕಾಗಿ ಬರುವ ಆಪರೇಷನ್‌ನಲ್ಲಿ ಅಪಾಯ ಬಹಳ ಹೆಚ್ಚು. ಹಾಗಾಗಿ ಯೋಚಿಸಲು ಪುರುಸೊತ್ತು ಇರುವಾಗಲೇ ಯೋಚಿಸಬೇಕು ಅನ್ನುವುದು ಈ ಲೇಖನದ ಒಟ್ಟು ಒತ್ತಾಯ.

1. ಮೊದಲು ಕಾಯಿಲೆ ಯಾವುದೆಂದು ಖಚಿತಪಡಿಸಿಕೊಳ್ಳಿ

"ಕರುಳಿನ ಹುಣ್ಣು" ಎಂದಷ್ಟೇ ಗೊತ್ತಿದ್ದರೆ ಸಾಲದು. ಆಪರೇಷನ್‌ನಿಂದ ಏನು ಸಿಗುತ್ತದೆ ಅನ್ನುವುದು ಕಾಯಿಲೆಯ ಮೇಲೆ ನಿಂತಿದೆ.

ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳು ಮತ್ತು ಗುದನಾಳಕ್ಕೆ ಸೀಮಿತ. ಅವೆರಡನ್ನೂ ಪೂರ್ತಿ ತೆಗೆದರೆ ಕರುಳಿನ ಕಾಯಿಲೆಗೆ ನೆಲೆಯೇ ಇರುವುದಿಲ್ಲ. ಕ್ರೋನ್ಸ್ ಹಾಗಲ್ಲ. ಅದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಹುದು. ಕೆಟ್ಟ ಭಾಗವನ್ನು ಕತ್ತರಿಸಿ ಜೋಡಿಸಿದರೆ ಆ ಭಾಗದ ತೊಂದರೆ ಕಳೆಯುತ್ತದೆ, ಆದರೆ ಕಾಯಿಲೆ ಮತ್ತೆ ತಲೆಯೆತ್ತಬಹುದು, ಅದೂ ಹೆಚ್ಚಾಗಿ ಜೋಡಿಸಿದ ಜಾಗದ ಹತ್ತಿರವೇ. ಅಂದರೆ ಕೊಲೈಟಿಸ್ ಇರುವವರು ಕಾಯಿಲೆಯನ್ನು ಕಳೆದುಕೊಂಡು ಬದಲಿಗೆ ಯಾವ ಬಗೆಯ ಜೀವನವನ್ನು ಒಪ್ಪಿಕೊಳ್ಳುತ್ತೇನೆ ಎಂದು ಕೇಳಿಕೊಳ್ಳಬೇಕು. ಕ್ರೋನ್ಸ್ ಇರುವವರು ಈ ಆಪರೇಷನ್ ಎಷ್ಟು ವರ್ಷದ ನೆಮ್ಮದಿ ಕೊಡಬಹುದು, ಎಷ್ಟು ಕರುಳನ್ನು ಉಳಿಸುತ್ತದೆ ಎಂದು ಕೇಳಿಕೊಳ್ಳಬೇಕು.

ಕೆಲವರಲ್ಲಿ ಇದೋ ಅದೋ ಎಂದು ಬಯಾಪ್ಸಿಯಲ್ಲೂ ಸ್ಪಷ್ಟವಾಗುವುದಿಲ್ಲ. ಅಂಥವರು ಕೆಳಗೆ ಬರುವ ಪೌಚ್ ಆಪರೇಷನ್‌ಗೆ ಒಪ್ಪುವ ಮುನ್ನ ಹಳೆಯ ಬಯಾಪ್ಸಿ ಸ್ಲೈಡ್‌ಗಳನ್ನು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುವುದು ಒಳ್ಳೆಯದು.

ಇನ್ನೆರಡು ಮಾತು. ದೊಡ್ಡ ಕರುಳಿನ ಗೋಡೆಯ ಸಣ್ಣ ಉಬ್ಬುಗಳು ಊದಿಕೊಳ್ಳುವ ಡೈವರ್ಟಿಕ್ಯುಲೈಟಿಸ್‌ನಲ್ಲಿ ಎರಡು ಸಲ ನೋವು ಬಂದರೆ ಆಪರೇಷನ್ ಎಂಬ ಹಳೆಯ ಲೆಕ್ಕ ಈಗಿಲ್ಲ. ತೊಂದರೆ ಎಷ್ಟು, ಫಿಸ್ಟುಲಾ (ಕರುಳಿನಿಂದ ಬೇರೆಡೆಗೆ ಕೊರೆದುಕೊಂಡ ದಾರಿ) ಅಥವಾ ಕಿರಿದಾಗುವಿಕೆ ಇದೆಯೇ ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ನೋಡುತ್ತಾರೆ. ಉರಿಯೂತವಿಲ್ಲದೆಯೇ ಕರುಳು ಕಾಡುವ ಐಬಿಎಸ್‌ಗೆ ಆಪರೇಷನ್ ಮದ್ದಲ್ಲ. ಅದೇ ಮದ್ದು ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರ ಬಳಿ ಹೋಗಿ.

2. ಯೋಚಿಸಲು ಸಮಯ ಇದೆಯೇ, ಇಲ್ಲವೇ?

ಕೆಲವು ಸಂದರ್ಭಗಳಲ್ಲಿ ಈ ಲೇಖನ ಓದುತ್ತಾ ಕೂರಬಾರದು. ಕರುಳು ತೂತಾಗಿರುವುದು, ನಿಲ್ಲದ ರಕ್ತಸ್ರಾವ, ದೊಡ್ಡ ಕರುಳು ವಿಷಮವಾಗಿ ಉಬ್ಬಿಕೊಳ್ಳುವುದು, ಗಾಳಿ ಕೂಡ ಹೋಗದಂತೆ ಪೂರ್ತಿ ಕಟ್ಟಿಕೊಳ್ಳುವುದು, ಇವು ಆಸ್ಪತ್ರೆಯಲ್ಲಿ ಗಂಟೆಗಳ ಲೆಕ್ಕದಲ್ಲಿ ತೀರ್ಮಾನವಾಗುವಂಥವು.

ಕೊಲೈಟಿಸ್ ತೀವ್ರವಾಗಿ ಕೆರಳುವುದನ್ನು ಗುರುತಿಸಲು 1955ರಲ್ಲಿ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ಕೊಟ್ಟ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ದಿನಕ್ಕೆ 6 ಅಥವಾ ಹೆಚ್ಚು ಸಲ ರಕ್ತಬೇಧಿ, ಜೊತೆಗೆ ಜ್ವರ, ನಿಮಿಷಕ್ಕೆ 90ಕ್ಕಿಂತ ಹೆಚ್ಚು ನಾಡಿಬಡಿತ, ರಕ್ತಹೀನತೆ, ಏರಿದ ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಇವುಗಳಲ್ಲಿ ಒಂದಾದರೂ ಇರುವುದು. ಹೀಗಿದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಸ್ಟಿರಾಯ್ಡ್ ಕೊಡುತ್ತಾರೆ. ಸುಮಾರು ಮೂರನೇ ಒಂದು ಭಾಗ ರೋಗಿಗಳಿಗೆ ಅದು ಹಿಡಿಯುವುದಿಲ್ಲ. ಮೂರನೇ ದಿನದ ಹೊತ್ತಿಗೆ ಸ್ಥಿತಿ ನೋಡಿ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೋಸ್ಪೋರಿನ್ ಎಂಬ ಔಷಧಿ ಪ್ರಯತ್ನಿಸುತ್ತಾರೆ; ಅದೂ ಹಿಡಿಯದಿದ್ದರೆ ದೊಡ್ಡ ಕರುಳು ತೆಗೆಯುವುದೇ ಜೀವ ಉಳಿಸುವ ದಾರಿ. ವಾರ್ಡಿನಲ್ಲಿರುವಾಗ ಮೊದಲ ದಿನಗಳಲ್ಲೇ ಸರ್ಜನ್ ಬಂದು ಪರಿಚಯ ಮಾಡಿಕೊಂಡರೆ ಗಾಬರಿಯಾಗಬೇಡಿ. ಒಳ್ಳೆಯ ಆಸ್ಪತ್ರೆಗಳಲ್ಲಿ ಅದು ವಾಡಿಕೆ. "ಇನ್ನೆರಡು ದಿನ ನೋಡೋಣ" ಎಂದು ವಾರ ಎಳೆಯುವುದೇ ಹೆಚ್ಚು ಅಪಾಯ.

ಕ್ಯಾನ್ಸರ್ ಅಥವಾ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಕಂಡಾಗ ತುರ್ತಿಲ್ಲದಿದ್ದರೂ ಆಯ್ಕೆ ಕಿರಿದಾಗುತ್ತದೆ. ದೊಡ್ಡ ಕರುಳಿನಲ್ಲಿ ಉರಿಯೂತ ಇರುವವರಿಗೆ ಲಕ್ಷಣ ಶುರುವಾಗಿ 8 ವರ್ಷವಾದ ಮೇಲೆ ನಿಗಾ ಕೊಲೊನೊಸ್ಕೋಪಿ ಮಾಡಿಸಲು ಹೇಳುವುದು ಇದಕ್ಕೇ. ಪಿಎಸ್‌ಸಿ ಎಂಬ ಪಿತ್ತನಾಳದ ಕಾಯಿಲೆಯೂ ಜೊತೆಗಿದ್ದರೆ ಅದು ಗೊತ್ತಾದ ದಿನದಿಂದಲೇ ನಿಗಾ ಬೇಕು. ಸಣ್ಣ, ಅಂಚು ಸ್ಪಷ್ಟವಾಗಿ ಕಾಣುವ ಗಂಟನ್ನು ಕೊಲೊನೊಸ್ಕೋಪಿಯಲ್ಲೇ ತೆಗೆಯಬಹುದು. ಹಲವು ಕಡೆ ಹರಡಿದ್ದರೆ ಕರುಳನ್ನೇ ತೆಗೆಯುವ ಸಲಹೆ ಬರುತ್ತದೆ.

ಮುಂದಿನ ಹಂತಗಳು ಈ ಎರಡು ಗುಂಪಿಗೂ ಸೇರದವರಿಗೆ.

3. ಕಳೆದ ಒಂದು ವರ್ಷವನ್ನು ಕಾಗದದ ಮೇಲೆ ಇಳಿಸಿ

ಇದನ್ನು ತಪ್ಪಿಸಬೇಡಿ. ಕಾಯಿಲೆಯ ಜೊತೆ ಬದುಕುತ್ತಾ ಬದುಕುತ್ತಾ ಅದೇ ಸಹಜ ಅನ್ನಿಸಿಬಿಡುತ್ತದೆ. ಡಾಕ್ಟರು "ಹೇಗಿದ್ದೀರಿ?" ಅಂದರೆ "ಪರವಾಗಿಲ್ಲ" ಅನ್ನುತ್ತೇವೆ. ಆ "ಪರವಾಗಿಲ್ಲ" ದೊಳಗೆ ಎಷ್ಟೆಲ್ಲ ಅಡಗಿರುತ್ತದೆ ಎಂದು ಬರೆದಾಗಲೇ ಗೊತ್ತಾಗುವುದು.

ವರ್ಷದಲ್ಲಿ ಎಷ್ಟು ಸಲ ಸ್ಟಿರಾಯ್ಡ್ ಶುರುಮಾಡಿದಿರಿ, ನಿಲ್ಲಿಸಲು ಹೋದಾಗಲೆಲ್ಲ ಕಾಯಿಲೆ ಮರುಕಳಿಸಿತೇ? ಎಷ್ಟು ದಿನ ಆಸ್ಪತ್ರೆಯಲ್ಲಿದ್ದಿರಿ? ತೂಕ, ಹಿಮೋಗ್ಲೋಬಿನ್ ಎಲ್ಲಿದ್ದವು, ಎಲ್ಲಿಗೆ ಬಂದವು? ರಾತ್ರಿ ಎಷ್ಟು ಸಲ ಎದ್ದಿರಿ? ಎಷ್ಟು ಪ್ರಯಾಣ, ಸಮಾರಂಭ, ಪರೀಕ್ಷೆ, ಕೆಲಸದ ಅವಕಾಶ ಬಿಟ್ಟಿರಿ? ಮನೆಯಿಂದ ಹೊರಡುವ ಮುನ್ನ ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ಲೆಕ್ಕ ಹಾಕುತ್ತೀರಾ? ಹೊಟ್ಟೆನೋವಿಗೆ ಹೆದರಿ ಊಟ ಕಡಿಮೆ ಮಾಡಿದ್ದೀರಾ?

ಆಮೇಲೆ ಇದೇ ಪಟ್ಟಿಯನ್ನು ಮನೆಯಲ್ಲಿ ನಿಮ್ಮನ್ನು ದಿನಾ ನೋಡುವ ಒಬ್ಬರಿಗೆ ಕೊಡಿ. ಅವರು ಸೇರಿಸುವ ಸಾಲುಗಳು ನಿಮ್ಮವಕ್ಕಿಂತ ಪ್ರಾಮಾಣಿಕವಾಗಿರುವ ಸಾಧ್ಯತೆ ಹೆಚ್ಚು.

ಈ ಪಟ್ಟಿ ಏಕೆ ಮುಖ್ಯವೆಂದರೆ, ಹೆಚ್ಚಿನವರು ಹೋಲಿಕೆಯನ್ನು ತಪ್ಪು ಜಾಗದಲ್ಲಿ ಮಾಡುತ್ತಾರೆ. ಆಪರೇಷನ್ ನಂತರದ ಜೀವನವನ್ನು ಕಾಯಿಲೆ ಬರುವ ಮುಂಚಿನ ದಿನಗಳ ಪಕ್ಕದಲ್ಲಿಟ್ಟು ನೋಡಿದರೆ ಆಪರೇಷನ್ ಯಾವಾಗಲೂ ಸೋಲುತ್ತದೆ. ಆ ದಿನಗಳು ಔಷಧಿ ಮುಂದುವರಿಸಿದರೂ ವಾಪಸ್ ಬರುತ್ತವೆಂಬ ಖಾತ್ರಿಯಿಲ್ಲ. ಪಕ್ಕದಲ್ಲಿಟ್ಟು ನೋಡಬೇಕಾದದ್ದು ಈ ಕಾಗದದಲ್ಲಿರುವ ವರ್ಷವನ್ನು.

4. ಔಷಧಿಯ ದಾರಿ ನಿಜಕ್ಕೂ ಮುಗಿದಿದೆಯೇ ಎಂದು ಕೇಳಿ

"ಎಲ್ಲ ಔಷಧಿ ನೋಡಾಯ್ತು" ಎಂಬ ಮಾತನ್ನು ಬಿಡಿಸಿ ಕೇಳಬೇಕು. ಬಯೋಲಾಜಿಕ್ ಇಂಜೆಕ್ಷನ್ (ಇನ್‌ಫ್ಲಿಕ್ಸಿಮ್ಯಾಬ್‌ನಂಥದ್ದು) ಕೆಲಸ ಮಾಡಲಿಲ್ಲವೆಂದರೆ ರಕ್ತದಲ್ಲಿ ಅದರ ಮಟ್ಟ ನೋಡಿದ್ದರೇ? ಮಟ್ಟ ಕಡಿಮೆಯಿದ್ದು ಡೋಸ್ ಏರಿಸಿದರೆ ಸಾಕಿತ್ತೇ, ಅಥವಾ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿಕೊಂಡಿದೆಯೇ? ಕೆರಳಿದ್ದು ಕಾಯಿಲೆಯೋ, ಕ್ಲಾಸ್ಟ್ರಿಡಿಯೋಯಿಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಅಥವಾ ಸಿಎಂವಿ ಎಂಬ ವೈರಸ್ಸಿನ ಸೋಂಕೋ? ಬೇರೆ ಗುಂಪಿನ ಔಷಧಿ ಉಳಿದಿದೆಯೇ? ವೆಡೊಲಿಜುಮ್ಯಾಬ್, ಉಸ್ಟೆಕಿನುಮ್ಯಾಬ್, ಟೊಫಾಸಿಟಿನಿಬ್, ಉಪಾಡಸಿಟಿನಿಬ್ ಎಂಬ ಔಷಧಿಗಳಲ್ಲಿ ಕೊನೆಯ ಎರಡು ಒಂದೇ ಗುಂಪಿನವು, ಮಿಕ್ಕವು ಬೇರೆಬೇರೆ ರೀತಿಯಲ್ಲಿ ಕೆಲಸ ಮಾಡುತ್ತವೆ.

ಇಷ್ಟು ಹೇಳಿ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಎರಡು ಮೂರು ಗುಂಪಿನ ಔಷಧಿ ಕೈಕೊಟ್ಟ ಮೇಲೆ ಮುಂದಿನದು ಪೂರ್ತಿ ಹಿಡಿಯುವ ಸಾಧ್ಯತೆ ಸಾಮಾನ್ಯವಾಗಿ ಇಳಿಯುತ್ತಲೇ ಹೋಗುತ್ತದೆ. "ಹೊಸದೊಂದು ಬರುತ್ತಂತೆ" ಎಂದು ಕಾಯುವಾಗ ಕಾಯುವ ತಿಂಗಳುಗಳು ಸ್ಟಿರಾಯ್ಡ್ ಮೇಲೆ ನಡೆಯುತ್ತಿವೆಯೇ ಎಂದು ನೋಡಿ. ಮೂಳೆ ಸವೆತ, ಸಕ್ಕರೆ, ಕಣ್ಣಿನ ಪೊರೆ, ಸೋಂಕು, ಇವು ಆಪರೇಷನ್ ಮಾಡಿಸದಿದ್ದುದಕ್ಕೆ ತೆರುವ ಬೆಲೆ.

ಕ್ರೋನ್ಸ್‌ನಲ್ಲಿ ಕರುಳು ಕಿರಿದಾಗಿದ್ದರೆ ಕೇಳಲೇಬೇಕಾದ್ದು: ಊದಿಕೊಂಡು ಕಿರಿದಾಗಿದೆಯೋ, ಗಾಯ ಮಾಗಿ ಗಟ್ಟಿಯಾಗಿ ಕಿರಿದಾಗಿದೆಯೋ? ಊತವನ್ನು ಔಷಧಿ ಇಳಿಸುತ್ತದೆ. ಗಟ್ಟಿಯಾದ ಕಲೆಯನ್ನು ಯಾವ ಇಂಜೆಕ್ಷನ್ನೂ ಕರಗಿಸುವುದಿಲ್ಲ. ಎಂಆರ್ ಎಂಟರೋಗ್ರಫಿ ಎಂಬ ಸ್ಕ್ಯಾನ್‌ನಲ್ಲಿ ಇದನ್ನು ಬಹುಮಟ್ಟಿಗೆ ಅಂದಾಜು ಮಾಡಬಹುದು. ಹಲವರಲ್ಲಿ ಎರಡೂ ಬೆರೆತಿರುತ್ತವೆ. ಗಟ್ಟಿಯಾದ ಜಾಗ ಚಿಕ್ಕದಾಗಿ ಕೈಗೆಟಕುವಲ್ಲಿದ್ದರೆ ಎಂಡೋಸ್ಕೋಪಿಯಿಂದ ಬಲೂನ್ ಹಾಕಿ ಹಿಗ್ಗಿಸಬಹುದು.

ಸಣ್ಣ ಕರುಳಿನ ಕೊನೆಯ ತುದಿಯಲ್ಲಿ ಮಾತ್ರ, ಗಿಡ್ಡ ಭಾಗದಲ್ಲಿ ಕ್ರೋನ್ಸ್ ಇರುವವರಿಗೆ ಇನ್ನೊಂದು ವಿಷಯ ಗೊತ್ತಿರಲಿ. ಸಾಮಾನ್ಯ ಔಷಧಿಗೆ ಬಗ್ಗದ ಇಂಥ ರೋಗಿಗಳಲ್ಲಿ ಕೀಹೋಲ್ ಆಪರೇಷನ್ನನ್ನೂ ಇನ್‌ಫ್ಲಿಕ್ಸಿಮ್ಯಾಬನ್ನೂ ನೇರವಾಗಿ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಎರಡೂ ಗುಂಪಿನವರ ಜೀವನದ ಗುಣಮಟ್ಟ ಹೆಚ್ಚುಕಡಿಮೆ ಒಂದೇ ಇತ್ತು. ಸುಮಾರು ಐದು ವರ್ಷ ಹಿಂಬಾಲಿಸಿದಾಗ ಇನ್‌ಫ್ಲಿಕ್ಸಿಮ್ಯಾಬ್ ಗುಂಪಿನ ಅರ್ಧದಷ್ಟು ಜನ ಕೊನೆಗೆ ಆಪರೇಷನ್‌ಗೇ ಬಂದಿದ್ದರು. "ಮೊದಲು ಎಲ್ಲ ಔಷಧಿ, ಆಮೇಲೆ ಆಪರೇಷನ್" ಎಂಬ ಸಾಲು ಎಲ್ಲರಿಗೂ ಹೊಂದಬೇಕಿಲ್ಲ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

5. ಯಾವ ಆಪರೇಷನ್ ಎಂದು ಹೆಸರು ಹಿಡಿದು ತಿಳಿಯಿರಿ

ಕೊಲೈಟಿಸ್‌ನಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ದೊಡ್ಡ ಕರುಳು, ಗುದನಾಳ ಎರಡನ್ನೂ ತೆಗೆದು ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಶಾಶ್ವತವಾಗಿ ತೆರೆಯುವುದು. ಇದು ಇಲಿಯೋಸ್ಟಮಿ. ಮಲ ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಬರುತ್ತದೆ. ಇನ್ನೊಂದು ಪೌಚ್: ಸಣ್ಣ ಕರುಳಿನ ಕೊನೆಯನ್ನೇ ಮಡಚಿ ಒಳಗೊಂದು ಸಂಚಿ ಹೊಲಿದು ಗುದದ್ವಾರಕ್ಕೆ ಜೋಡಿಸುವುದು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕಲ್ಸ್ 1978ರಲ್ಲಿ ಇದನ್ನು ಪ್ರಕಟಿಸಿದರು. ಪೌಚ್ ಇದ್ದರೆ ಹೊರಗೆ ಚೀಲವಿಲ್ಲ, ಎಂದಿನಂತೆ ಶೌಚಾಲಯಕ್ಕೆ ಹೋಗಬಹುದು. ಆದರೆ "ಎಂದಿನಂತೆ" ಅಂದರೆ ಕಾಯಿಲೆಗೆ ಮುಂಚಿನಂತೆ ಎಂದು ತಿಳಿಯಬೇಡಿ. ದಿನಕ್ಕೆ 4ರಿಂದ 8 ಸಲ, ಕೆಲವೊಮ್ಮೆ ರಾತ್ರಿಯೂ ಹೋಗಬೇಕಾಗಬಹುದು, ಮಲ ತೆಳುವಾಗಿಯೇ ಇರುತ್ತದೆ. ವ್ಯತ್ಯಾಸವಿರುವುದು ಅವಸರದಲ್ಲಿ. ತಡೆದುಕೊಳ್ಳಲು ಆಗುತ್ತದೆ ಅನ್ನುವುದೇ ಹಲವರಿಗೆ ದೊಡ್ಡ ಬಿಡುಗಡೆ. ಪೌಚ್ ಇರುವವರಲ್ಲಿ ಅರ್ಧದಷ್ಟು ಜನಕ್ಕೆ ಒಮ್ಮೆಯಾದರೂ ಅದರ ಉರಿಯೂತ, ಅಂದರೆ ಪೌಚೈಟಿಸ್, ಬರುತ್ತದೆ. ಬಹುಪಾಲು ಆಂಟಿಬಯಾಟಿಕ್‌ಗೆ ಇಳಿಯುತ್ತದೆ. ಕೆಲವರಲ್ಲಿ ಪೌಚ್ ವಿಫಲವಾಗಿ ಕೊನೆಗೆ ಚೀಲಕ್ಕೇ ಮರಳಬೇಕಾಗುತ್ತದೆ.

ಇಲ್ಲಿ ಬಹಳ ಮಂದಿಗೆ ಗೊತ್ತಿರದ ಅನುಕೂಲವೊಂದಿದೆ: ಎಲ್ಲವನ್ನೂ ಒಂದೇ ದಿನ ತೀರ್ಮಾನಿಸಬೇಕಿಲ್ಲ. ದೇಹ ಸೊರಗಿದ್ದಾಗ, ಸ್ಟಿರಾಯ್ಡ್ ಹೆಚ್ಚಿದ್ದಾಗ ಮೊದಲು ದೊಡ್ಡ ಕರುಳನ್ನಷ್ಟೇ ತೆಗೆದು, ಗುದನಾಳವನ್ನು ಒಳಗೇ ಮುಚ್ಚಿ, ಇಲಿಯೋಸ್ಟಮಿ ಕೊಡುತ್ತಾರೆ. ತಿಂಗಳುಗಳು ಕಳೆದು, ತೂಕ ಬಂದು, ಔಷಧಿ ನಿಂತ ಮೇಲೆ ಪೌಚ್ ಬೇಕೇ ಎಂದು ಯೋಚಿಸಬಹುದು. ತೆಗೆದ ಕರುಳಿನ ಪರೀಕ್ಷೆಯಿಂದ ಅದು ಕ್ರೋನ್ಸ್ ಆಗಿತ್ತೇ ಎಂಬುದೂ ಹೆಚ್ಚು ಸ್ಪಷ್ಟವಾಗುತ್ತದೆ. ಕ್ರೋನ್ಸ್ ಇದ್ದರೆ ಪೌಚ್ ಸಾಮಾನ್ಯವಾಗಿ ಮಾಡುವುದಿಲ್ಲ. ಚೀಲಕ್ಕೆ ಒಗ್ಗಿ ಅಲ್ಲೇ ನಿಲ್ಲುವವರೂ ಇದ್ದಾರೆ. ಒಂದೇ ಎಚ್ಚರ, ಒಳಗೆ ಉಳಿದ ಗುದನಾಳದಲ್ಲೂ ಕ್ಯಾನ್ಸರ್ ಬರಬಹುದಾದ್ದರಿಂದ ಅದನ್ನು ಮರೆಯದೆ ಪರೀಕ್ಷಿಸುತ್ತಿರಬೇಕು, ಇಲ್ಲವೇ ಮುಂದೆ ತೆಗೆಸಬೇಕು.

ಕ್ರೋನ್ಸ್‌ನಲ್ಲಿ ಸರ್ಜನ್‌ರ ಗುರಿ ಆದಷ್ಟು ಕಡಿಮೆ ಕತ್ತರಿಸುವುದು. ಗಿಡ್ಡ ಕಿರಿದಾದ ಜಾಗಗಳನ್ನು ಕತ್ತರಿಸದೆ ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ಅಗಲ ಮಾಡುವ ಸ್ಟ್ರಿಕ್ಚರೋಪ್ಲಾಸ್ಟಿ ಇರುವುದು ಇದಕ್ಕೆ. ಉಳಿದ ಸಣ್ಣ ಕರುಳು 200 ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಆಹಾರ, ನೀರು ಹೀರಿಕೊಳ್ಳುವುದೇ ಕಷ್ಟವಾಗುತ್ತದೆ. ಹಿಂದೆ ಆಪರೇಷನ್ ಆಗಿದ್ದರೆ ಎಷ್ಟು ಉದ್ದ ತೆಗೆದರು, ಎಷ್ಟು ಉಳಿದಿದೆ ಎಂಬ ವರದಿ ನಿಮ್ಮ ಕೈಯಲ್ಲಿರಲಿ. ಸಣ್ಣ ಕರುಳಿನ ಕೊನೆಯ ಭಾಗ ಹೋದರೆ ಬಿ12 ಹೀರಿಕೆ ತಗ್ಗಬಹುದು, ಪಿತ್ತದ ಆಮ್ಲ ದೊಡ್ಡ ಕರುಳಿಗೆ ಇಳಿದು ಬೇಧಿಯಾಗಬಹುದು. ಎರಡಕ್ಕೂ ಮದ್ದಿದೆ, ಗೊತ್ತಿಲ್ಲದಿದ್ದರೆ "ಕಾಯಿಲೆ ಮತ್ತೆ ಬಂತು" ಎಂದು ಹೆದರುತ್ತೀರಿ. ಹೊಟ್ಟೆಯೊಳಗೆ ಕೀವು ತುಂಬಿದ್ದರೆ ಮೊದಲು ಸ್ಕ್ಯಾನ್ ನೋಡಿಕೊಂಡು ಸೂಜಿ ಅಥವಾ ನಳಿಕೆಯಿಂದ ಅದನ್ನು ಹೊರತೆಗೆದು, ಸೋಂಕು ಇಳಿದ ಮೇಲೆ ಆಪರೇಷನ್ ಮಾಡುವುದು ವಾಡಿಕೆ.

6. ಚೀಲದ ಭಯವನ್ನು ಬೇರೆಯಾಗಿ ಕೂತು ನೋಡಿ

ಬಹಳಷ್ಟು ಜನ ಆಪರೇಷನ್‌ಗಿಂತ ಚೀಲಕ್ಕೇ ಹೆಚ್ಚು ಹೆದರುತ್ತಾರೆ, ಮತ್ತು ಆ ಭಯವನ್ನು ಯಾರ ಮುಂದೆಯೂ ಹೇಳುವುದಿಲ್ಲ. ವಾಸನೆ ಬರುತ್ತದೆಯೇ, ಬಟ್ಟೆಯಲ್ಲಿ ಕಾಣುತ್ತದೆಯೇ, ಗಂಡನೋ ಹೆಂಡತಿಯೋ ಅಸಹ್ಯಪಟ್ಟರೆ ಏನು ಗತಿ, ಮದುವೆ ಆಗುತ್ತದೆಯೇ? ಪ್ರಶ್ನೆಗಳು ಇವೇ.

ಸರಿಯಾಗಿ ಅಂಟಿ ಕೂತಿರುವ ಚೀಲದಿಂದ ವಾಸನೆ ಬರುವುದಿಲ್ಲ; ಬಂದರೆ ಅಂಟು ಬಿಟ್ಟಿದೆ ಎಂದರ್ಥ. ಇಲಿಯೋಸ್ಟಮಿ ಚೀಲವನ್ನು ದಿನಕ್ಕೆ ಸುಮಾರು 4ರಿಂದ 6 ಸಲ ಖಾಲಿ ಮಾಡುತ್ತಾರೆ, ಕೆಲವು ದಿನಗಳಿಗೊಮ್ಮೆ ಬದಲಿಸುತ್ತಾರೆ. ಸ್ನಾನ, ಈಜು, ಪ್ರಯಾಣ, ದಾಂಪತ್ಯ ಯಾವುದಕ್ಕೂ ಅಡ್ಡಿಯಿಲ್ಲ. ನಿಜವಾದ ತೊಂದರೆಗಳು ಬೇರೆ ಇವೆ: ಸುತ್ತಲ ಚರ್ಮ ಕೆಂಪಾಗಿ ಉರಿಯುವುದು, ಸೋರುವುದು, ಸ್ಟೋಮಾದ (ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ) ಪಕ್ಕದಲ್ಲಿ ಹರ್ನಿಯಾ, ನಾರಿನ ಪದಾರ್ಥವನ್ನು ಅಗಿಯದೆ ನುಂಗಿ ಕಟ್ಟಿಕೊಳ್ಳುವುದು, ಎಲ್ಲಕ್ಕಿಂತ ಹೆಚ್ಚಾಗಿ ನೀರು ಮತ್ತು ಉಪ್ಪಿನ ನಷ್ಟ. ದೊಡ್ಡ ಕರುಳಿಲ್ಲದಾಗ ಉಪ್ಪು ಉಳಿಸಿಕೊಳ್ಳುವವರಿಲ್ಲ. ಚೀಲಕ್ಕೆ ಬರುವುದು ದಿನಕ್ಕೆ ಒಂದೂವರೆ ಎರಡು ಲೀಟರ್ ಮೀರಿದರೆ ಬರೀ ನೀರು ಕುಡಿಯುತ್ತಾ ಹೋಗುವುದು ಇನ್ನಷ್ಟು ಕೆಡಿಸುತ್ತದೆ. ಓಆರ್‌ಎಸ್ ಬೇಕು, ಡಾಕ್ಟರಿಗೆ ಫೋನೂ ಬೇಕು.

ಆಪರೇಷನ್‌ಗೆ ಒಪ್ಪುವ ಮುನ್ನವೇ ಸ್ಟೋಮಾ ನರ್ಸ್‌ರನ್ನು ಭೇಟಿಮಾಡಿ. ಖಾಲಿ ಚೀಲವೊಂದಕ್ಕೆ ಸ್ವಲ್ಪ ನೀರು ತುಂಬಿ ಹೊಟ್ಟೆಗೆ ಅಂಟಿಸಿಕೊಂಡು ಒಂದು ದಿನ ಓಡಾಡಿ, ಮಲಗಿ, ಬಗ್ಗಿ ನೋಡಿ. ಚೀಲದೊಂದಿಗೆ ಬದುಕುತ್ತಿರುವ ಇಬ್ಬರ ಜೊತೆಯಾದರೂ ಮಾತಾಡಿ. ಒಬ್ಬರು ಖುಷಿಯಾಗಿರುವವರು, ಇನ್ನೊಬ್ಬರು ಕಷ್ಟಪಟ್ಟವರು ಆಗಿದ್ದರೆ ಒಳ್ಳೆಯದು. ಆಪರೇಷನ್‌ಗೆ ಮುಂಚೆ ಕೂತು, ನಿಂತು, ಬಗ್ಗಿದಾಗ ನಿಮ್ಮ ಕಣ್ಣಿಗೆ ಕಾಣುವಂತೆ, ಉಡುಪಿನ ಪಟ್ಟಿಗೆ ಸಿಗದಂತೆ ಜಾಗ ಗುರುತು ಹಾಕಿಸಿಕೊಳ್ಳಿ. ಮುಂದೆ ಚೀಲ ಸರಿಯಾಗಿ ಕೂರುವುದೋ ಸೋರುವುದೋ ಬಹುಮಟ್ಟಿಗೆ ಈ ಗುರುತಿನ ಮೇಲೆ ನಿಂತಿದೆ.

7. ಸರ್ಜನ್ ಮುಂದೆ ಕೂತಾಗ

ಒಬ್ಬರೇ ಹೋಗಬೇಡಿ. ಜೊತೆಗೆ ಬಂದವರು ಬರೆದುಕೊಳ್ಳಲಿ. ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಕೇಳುವುದು ಅವಿನಯವಲ್ಲ; ಪೌಚ್‌ನ ವಿಷಯದಲ್ಲಂತೂ ಕೈ ಪಳಗಿದ ಸರ್ಜನ್‌ಗೂ ಅಪರೂಪಕ್ಕೆ ಮಾಡುವವರಿಗೂ ಫಲಿತಾಂಶದಲ್ಲಿ ವ್ಯತ್ಯಾಸವಿದೆ. ಜೋಡಣೆ ಸೋರುವ ಅಪಾಯ ನನ್ನಂಥವರಲ್ಲಿ ಎಷ್ಟು, ಸೋರಿದರೆ ಏನು ಮಾಡುತ್ತೀರಿ? ತಾತ್ಕಾಲಿಕ ಚೀಲ ಎಂದರೆ ಎಷ್ಟು ತಿಂಗಳು, ಅದು ಶಾಶ್ವತವಾಗುವ ಸಂಭವವಿದೆಯೇ? ಆರು ತಿಂಗಳು ತಡಮಾಡಿದರೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಎಲ್ಲಕ್ಕಿಂತ ಹೆಚ್ಚು ತಿಳಿಸುತ್ತದೆ.

ಮಕ್ಕಳಾಗಬೇಕೆಂದಿರುವವರು ಸಂಕೋಚ ಬಿಟ್ಟು ಕೇಳಲೇಬೇಕು. ಕಿಬ್ಬೊಟ್ಟೆಯ ಆಳದಲ್ಲಿ ಮಾಡುವ ಪೌಚ್ ಆಪರೇಷನ್‌ನಿಂದ ಅಂಟಿಕೆಗಳಾಗಿ ಹೆಣ್ಣುಮಕ್ಕಳಲ್ಲಿ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗಬಹುದು. ಕೀಹೋಲ್ ಪದ್ಧತಿಯಲ್ಲಿ ಈ ತೊಂದರೆ ಕಡಿಮೆ ಎಂದು ಕಂಡುಬಂದಿದೆ. ಮೊದಲು ದೊಡ್ಡ ಕರುಳು ಮಾತ್ರ ತೆಗೆಸಿ, ಮಕ್ಕಳಾದ ಮೇಲೆ ಪೌಚ್ ಮಾಡಿಸಿಕೊಳ್ಳುವವರೂ ಇದ್ದಾರೆ. ಗಂಡಸರಲ್ಲಿ ಗುದನಾಳದ ಸುತ್ತಲಿನ ನರಗಳಿಗೆ ಪೆಟ್ಟಾದರೆ ನಿಮಿರುವಿಕೆ, ವೀರ್ಯಸ್ಖಲನಕ್ಕೆ ತೊಂದರೆಯಾಗಬಹುದು. ಅಪಾಯ ಸಣ್ಣದು, ಆದರೂ ವೀರ್ಯ ಶೇಖರಿಸಿಡಬೇಕೇ ಎಂದು ಮುಂಚೆಯೇ ಕೇಳಿ.

ಗ್ಯಾಸ್ಟ್ರೋ ಡಾಕ್ಟರೂ ಸರ್ಜನ್ನೂ ಬೇರೆಬೇರೆ ಮಾತು ಹೇಳಿದರೆ ನಡುವೆ ನೀವು ಸುದ್ದಿ ಒಯ್ಯುವವರಾಗಬೇಡಿ. "ದಯವಿಟ್ಟು ನೀವಿಬ್ಬರೂ ಒಟ್ಟಿಗೆ ಕೂತು ಮಾತಾಡಿ ನನಗೆ ಹೇಳಿ" ಎಂದು ಕೇಳಿ.

8. ಒಪ್ಪಿದರೆ, ಮುಂಚಿನ ವಾರಗಳನ್ನು ಬಳಸಿಕೊಳ್ಳಿ

ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಆರು ವಾರಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ ಆಪರೇಷನ್‌ನ ಸೋಂಕು, ಸೋರಿಕೆಯ ಅಪಾಯ ಏರುತ್ತದೆ. ಡಾಕ್ಟರ ಲೆಕ್ಕದಂತೆ ನಿಧಾನವಾಗಿ ಇಳಿಸಬೇಕು. ನೀವಾಗಿಯೇ ಥಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ. ರಕ್ತಹೀನತೆಗೆ ಕಬ್ಬಿಣಾಂಶದ ಡ್ರಿಪ್, ತೂಕ ಇಳಿದಿದ್ದರೆ ಡಯೆಟಿಷಿಯನ್ ಹೇಳುವ ಪೌಷ್ಟಿಕ ದ್ರವಾಹಾರ, ದಿನಾ ನಡಿಗೆ. ಸಿಗರೇಟು ಸೇದುವವರು ಬಿಡಲೇಬೇಕು, ಕ್ರೋನ್ಸ್ ಇರುವವರಂತೂ ಖಂಡಿತ: ಆಪರೇಷನ್ ಆದ ಮೇಲೆ ಕಾಯಿಲೆ ಮರಳುವಂತೆ ಮಾಡುವವುಗಳಲ್ಲಿ ನಿಮ್ಮ ಕೈಯಲ್ಲೇ ಇರುವ ಅತಿ ದೊಡ್ಡ ಕಾರಣ ಅದು.

ಕರುಳಿನ ಉರಿಯೂತದವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು. ಮನೆಗೆ ಹೋದ ಮೇಲೂ ಕೆಲವು ವಾರ ಹೆಪಾರಿನ್ ಇಂಜೆಕ್ಷನ್ ಬೇಕೇ ಎಂದು ಕೇಳಿಕೊಳ್ಳಿ. ಕ್ರೋನ್ಸ್ ಇದ್ದರೆ ಆಪರೇಷನ್ ಆಗಿ 6ರಿಂದ 12 ತಿಂಗಳೊಳಗೆ ಕೊಲೊನೊಸ್ಕೋಪಿಗೆ ದಿನಾಂಕ ಈಗಲೇ ಬರೆಸಿ. ಕಾಯಿಲೆ ಮರಳುವುದು ಮೊದಲು ಒಳಗೆ ಕಾಣುತ್ತದೆ, ನೋವು ಆಮೇಲೆ ಬರುತ್ತದೆ.

9. "ಈಗ ಬೇಡ" ಅನ್ನುವುದಾದರೆ

ಅದೂ ಸರಿಯಾದ ತೀರ್ಮಾನವೇ, ಒಂದು ಷರತ್ತಿನ ಮೇಲೆ: ಯಾವಾಗ ಮತ್ತೆ ಯೋಚಿಸುತ್ತೀರಿ ಎಂದು ಇವತ್ತೇ ಬರೆದಿಡಿ. ಉದಾಹರಣೆಗೆ, ಈ ಔಷಧಿಗೆ ಮೂರು ತಿಂಗಳು ಕೊಡುತ್ತೇನೆ. ಅಷ್ಟರಲ್ಲಿ ಸ್ಟಿರಾಯ್ಡ್ ನಿಲ್ಲದಿದ್ದರೆ, ಇನ್ನೊಮ್ಮೆ ಆಸ್ಪತ್ರೆ ಸೇರಿದರೆ, ತೂಕ ಇಷ್ಟು ಕೆಜಿಗಿಂತ ಇಳಿದರೆ, ಸ್ಕ್ಯಾನ್‌ನಲ್ಲಿ ಕಿರಿದಾದ ಜಾಗದ ಹಿಂದೆ ಕರುಳು ಉಬ್ಬಿದ್ದು ಕಂಡರೆ ಸರ್ಜನ್‌ರನ್ನು ಮತ್ತೆ ಕಾಣುತ್ತೇನೆ. ಸಂಖ್ಯೆಗಳನ್ನು ನಿಮ್ಮ ಡಾಕ್ಟರ ಜೊತೆ ಕೂತು ತುಂಬಿ. ಒಂದು ಪ್ರತಿ ಫೈಲಿನಲ್ಲಿ ಹೋಗಲಿ, ಇನ್ನೊಂದು ಮನೆಯವರ ಕೈಯಲ್ಲಿರಲಿ. ಸರ್ಜನ್‌ರ ಮುಂದಿನ ಭೇಟಿಯ ದಿನಾಂಕವನ್ನು ರದ್ದು ಮಾಡಬೇಡಿ, ಮೂರು ತಿಂಗಳು ಮುಂದಕ್ಕೆ ಹಾಕಿಸಿಕೊಳ್ಳಿ.